ಸಮ್ಮತಿ ಪತ್ರವೂ ಅನುಮೋದನೆಯೂ

ನೀರನ್ನು ಸೋಸಿ ಕುಡಿಯುವುದು ಜೈನ ಗೃಹಸ್ಥನ ಮನೆಯ ಮೊದಲ ಗುರುತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳ್ಳಿಗಳಲ್ಲಿ ನಳದ ನೀರು ಬರುವುದಕ್ಕೆ ಮೊದಲು ಬಾವಿಯ ನೀರನ್ನು ಎರಡು ಪದರಿನ ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಮೆಲ್ಲಗೆ ಅದೇ ಬಾವಿಗೆ ಇಳಿಬಿಡುತ್ತಿದ್ದರು. ಸೋಸುವುದು ಕೇವಲ ಆರೋಗ್ಯಕ್ಕಾಗಿದ್ದರೆ ಬಟ್ಟೆಯನ್ನು ಅಂಗಳದಲ್ಲಿ ಒದರಿಬಿಟ್ಟರೆ ಸಾಕಾಗುತ್ತಿತ್ತು. ಮರಳಿ ಬಿಡುವ ಶ್ರಮವು ತನಗಾಗಿ ಅಲ್ಲ, ಜೀವಿಗಾಗಿ. ಒಂದು ಬಾವಿಯ ಜೀವಿಗೆ ಬೇರೊಂದು ಬಾವಿಯ ನೀರು ಒಗ್ಗಲಾರದು ಎಂಬ ಎಚ್ಚರಿಕೆಯೂ ಅದರಲ್ಲಿ ಅಡಗಿತ್ತು.

ಅಂತಹ ಮನೆಯ ಯಜಮಾನನೇ ಇಂದು ಕಬ್ಬು ಬೆಳೆಯುತ್ತಾನೆ; ಸಕ್ಕರೆ ಕಾರಖಾನೆಯ ಷೇರುದಾರನಾಗಿರುತ್ತಾನೆ; ಹಂಗಾಮಿನಲ್ಲಿ ಲಾರಿಯೋ ಟ್ರ್ಯಾಕ್ಟರೋ ತನ್ನ ಹೊಲಕ್ಕೆ ಯಾವಾಗ ಬರುವುದೆಂದು ಕಾಯುತ್ತಾನೆ. ಕಾರಖಾನೆಯ ಹಿಂದಿನ ನಾಲೆಯಲ್ಲಿ ಏನು ಹರಿಯುತ್ತಿದೆಯೆಂದು ಅವನು ಕೇಳುವುದು ಅಪರೂಪ. ಒಂದು ಕೊಡ ನೀರಿನ ಜೀವಿಗಳಿಗಾಗಿ ಬಟ್ಟೆ ಹಿಡಿದ ಕೈ, ಒಂದು ನದಿಯ ಜೀವಿಗಳ ವಿಷಯದಲ್ಲಿ ಏಕೆ ಸುಮ್ಮನಿದೆ? ಅದು ಸರಕಾರದ ಕೆಲಸ, ಅದಕ್ಕಾಗಿ ಮಂಡಳಿ ಇದೆ, ಅಧಿಕಾರಿಗಳಿದ್ದಾರೆ, ಕಾಯಿದೆ ಇದೆ ಎಂಬುದು ಸಾಮಾನ್ಯ ಉತ್ತರ. ಈ ಉತ್ತರವು ಧರ್ಮದ ದೃಷ್ಟಿಯಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದೇ ಇಲ್ಲಿನ ವಿಚಾರ.

ಕಾಯಿದೆಯ ಸಮ್ಮತಿ

ಜಲ ಮಾಲಿನ್ಯದ ನಿವಾರಣೆ ಮತ್ತು ನಿಯಂತ್ರಣದ ಕಾಯಿದೆ 1974ರ ಮಾರ್ಚ್ 23ರಂದು ಜಾರಿಗೆ ಬಂದಿತು. ನೀರು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾದುದರಿಂದ ಕೆಲವು ರಾಜ್ಯಗಳ ವಿಧಾನಮಂಡಲಗಳು ಕೋರಿಕೊಂಡ ಮೇಲೆ ಸಂಸತ್ತು ಇದನ್ನು ಮಾಡಿತು. ಹಾಗೆ ಕೋರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. 1981ರಲ್ಲಿ ವಾಯು ಮಾಲಿನ್ಯದ ಕಾಯಿದೆಯೂ, ಭೋಪಾಲದ ದುರಂತದ ತರುವಾಯ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯೂ ಬಂದವು. ಜಲ ಕಾಯಿದೆಯಲ್ಲಿ ‘ಪ್ರವಾಹ’ ಎಂದರೆ ಹರಿಯುವ ನದಿ ಮಾತ್ರವಲ್ಲ; ಬೇಸಿಗೆಯಲ್ಲಿ ಒಣಗಿರುವ ಹಳ್ಳವೂ, ನೆಲದೊಳಗಿನ ನೀರೂ ಅದರಲ್ಲಿ ಸೇರಿವೆ.

ಈ ಕಾಯಿದೆಯ ನಡುಗಂಬ ‘ಸಮ್ಮತಿ’ ಎಂಬ ಶಬ್ದ. ಕಾರಖಾನೆಯನ್ನು ಕಟ್ಟುವುದಕ್ಕೆ ಮೊದಲು ಸ್ಥಾಪನೆಯ ಸಮ್ಮತಿ, ನಡೆಸುವುದಕ್ಕೆ ಮೊದಲು ಕಾರ್ಯಾಚರಣೆಯ ಸಮ್ಮತಿ, ಅವಧಿ ಮುಗಿದಾಗ ನವೀಕರಣ. ದಿನಕ್ಕೆ ಎಷ್ಟು ಟನ್ ಕಬ್ಬು ನುರಿಸಬಹುದು, ಎಷ್ಟು ತ್ಯಾಜ್ಯ ನೀರು ಹೊರಡಬಹುದು, ಅದರಲ್ಲಿ ಏನು ಎಷ್ಟಿರಬಹುದು, ಚಿಮಣಿಯ ಹೊಗೆಯಲ್ಲಿ ಬೂದಿ ಎಷ್ಟಿರಬಹುದು ಎಂಬ ಷರತ್ತುಗಳು ಆ ಪತ್ರದಲ್ಲಿರುತ್ತವೆ. ಮಂಡಳಿಯ ತಾಂತ್ರಿಕ ಅಧಿಕಾರಿಗಳು ಸ್ಥಳಕ್ಕೆ ಹೋಗಿ ನೋಡುತ್ತಾರೆ, ಪ್ರಯೋಗಾಲಯವು ಅಳೆಯುತ್ತದೆ, ಕಾನೂನು ವಿಭಾಗದವರು ಷರತ್ತುಗಳಿಗೂ ನಡತೆಗೂ ಹೊಂದಿಕೆ ಇದೆಯೋ ಇಲ್ಲವೋ ಎಂಬುದನ್ನು ಕಡತದಲ್ಲಿ ಪರಿಶೀಲಿಸುತ್ತಾರೆ. ಹೊಂದಿಕೆಯಿಲ್ಲದಿದ್ದರೆ ಕಾರಣ ಕೇಳುವ ನೋಟಿಸು, ವಿಚಾರಣೆ, ತಿದ್ದಿಕೊಳ್ಳಲು ಗಡುವು. ಕೊನೆಗೆ 33ಎ ಕಲಮಿನ ಪ್ರಕಾರ ಬಾಗಿಲು ಮುಚ್ಚುವ, ವಿದ್ಯುತ್ತು ಮತ್ತು ನೀರನ್ನು ಕಡಿದುಹಾಕುವ ಆದೇಶ. ಇಷ್ಟೂ ಕೆಲಸ ಕಾಗದದ ಮೇಲೆ ನಡೆಯುವುದರಿಂದ ನೋಡುವವರಿಗೆ ಇದು ಗುಮಾಸ್ತಿಕೆಯಂತೆ ಕಾಣುತ್ತದೆ. ಆದರೆ ಆ ಕಾಗದದ ಕೆಳಗೆ ಬೀಳುವ ಒಂದು ಸಹಿಯಿಂದ ನದಿಯ ಕೆಳಭಾಗದ ಹತ್ತಾರು ಹಳ್ಳಿಗಳ ನೀರು ಒಳಿತೋ ಕೆಡುಕೋ ಆಗುತ್ತದೆ.

ಧರ್ಮದ ಸಮ್ಮತಿ

ಜೈನಾಗಮದಲ್ಲಿ ಸಮ್ಮತಿ ಎಂಬುದು ಹಗುರವಾದ ಶಬ್ದವಲ್ಲ. ಹಿಂಸೆಯು ಮೂರು ಬಗೆಯಿಂದ ಆಗುತ್ತದೆ: ತಾನೇ ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮಾಡುವವನಿಗೆ ಒಪ್ಪಿಗೆ ಕೊಡುವುದು ಅನುಮೋದನೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಇದರ ಪೂರ್ಣ ಲೆಕ್ಕವಿದೆ. ಸಂಕಲ್ಪಿಸುವ ಸಂರಂಭ, ಸಾಧನಗಳನ್ನು ಒದಗಿಸಿಕೊಳ್ಳುವ ಸಮಾರಂಭ, ತೊಡಗಿಯೇ ಬಿಡುವ ಆರಂಭ ಎಂಬ ಮೂರು. ಇವು ಮನಸ್ಸು, ಮಾತು, ಕಾಯಗಳೆಂಬ ಮೂರರಿಂದ. ಕೃತ, ಕಾರಿತ, ಅನುಮೋದನೆಗಳೆಂಬ ಮೂರರಿಂದ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಿಂದ. ಗುಣಿಸಿದರೆ ನೂರೆಂಟು. ಜಪಮಾಲೆಯ ನೂರೆಂಟು ಮಣಿಗಳಿಗೆ ಇದೇ ಅರ್ಥವೆಂದು ಹಿರಿಯರು ಹೇಳುತ್ತಾರೆ. ಈ ನೂರೆಂಟರಲ್ಲಿ ಮೂವತ್ತಾರು ಅನುಮೋದನೆಯ ಪಾಲಿಗೆ ಬರುತ್ತವೆ. ಮಾಲೆಯ ಮೂರರಲ್ಲಿ ಒಂದು ಭಾಗ, ಕೈಯಿಂದ ಏನನ್ನೂ ಮಾಡದೆ ‘ಆಗಲಿ’ ಎಂದವನ ಲೆಕ್ಕಕ್ಕೆ ಸೇರಿದ್ದು.

ಕಾಯಿದೆಯ ಕ್ರಮವೂ ಇದಕ್ಕೆ ಹತ್ತಿರವಾಗಿದೆ. ಉದ್ಯಮಿಯ ಯೋಜನೆಯೇ ಸಂರಂಭ. ಸ್ಥಾಪನೆಯ ಸಮ್ಮತಿ ಬರುವುದು ಸಮಾರಂಭದ ಘಟ್ಟದಲ್ಲಿ. ಕಾರ್ಯಾಚರಣೆಯ ಸಮ್ಮತಿ ಬರುವುದು ಆರಂಭದ ಹೊಸ್ತಿಲಲ್ಲಿ. ಪ್ರತಿ ಘಟ್ಟದಲ್ಲಿಯೂ ಯಾರಾದರೊಬ್ಬರು ‘ಆಗಲಿ’ ಎನ್ನಬೇಕು. ಹಾಗೆ ಹೇಳುವ ಅಧಿಕಾರಿಯು ಸಂಬಳಕ್ಕಾಗಿ ದುಡಿಯುವವನಿರಬಹುದು, ಮೇಲಿನವರ ಆಜ್ಞೆಯಲ್ಲಿರಬಹುದು; ಆದರೂ ಆ ಮಾತು ಅವನದೇ. ಸಮ್ಮತಿ ಪತ್ರವನ್ನು ಕಾಗದವೆಂದು ಕಾಣುವುದು ವ್ಯವಹಾರದ ನೋಟ. ಅದು ಮುಂದಿನ ಫಲದಲ್ಲಿ ಒಂದು ಪಾಲು ಎಂದು ಕಾಣುವುದು ಧರ್ಮದ ನೋಟ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸಹಿ ಹಾಕುವ ಪ್ರತಿಯೊಬ್ಬನೂ ಹಿಂಸೆಯ ಪಾಲುಗಾರನಾದರೆ ಜೈನನಾದವನು ಇಂತಹ ಕಚೇರಿಯಲ್ಲಿ ಕೆಲಸಕ್ಕೆ ಹೋಗುವುದೇ ತಪ್ಪಾದೀತು. ಈ ಆಕ್ಷೇಪಕ್ಕೆ ಉತ್ತರವು ಹಿಂಸೆಯ ಲಕ್ಷಣದಲ್ಲಿಯೇ ಇದೆ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಪ್ರಾಣಕ್ಕೆ ಘಾಸಿ ಮಾಡುವುದೇ ಹಿಂಸೆ ಎಂದು ಶಾಸ್ತ್ರದ ನಿರ್ಣಯ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ವಿಸ್ತರಿಸಿ, ಯತ್ನಾಚಾರದಿಂದ ನಡೆಯುವವನಿಗೆ ಆಕಸ್ಮಿಕವಾದ ಪ್ರಾಣಹಾನಿಯ ದೋಷ ಅಂಟದೆಂದೂ, ಪ್ರಮಾದದಿಂದ ನಡೆಯುವವನು ಯಾವ ಜೀವಿಯೂ ಸಾಯದಿದ್ದರೂ ಹಿಂಸಕನೇ ಎಂದೂ ತಿಳಿಸಿದ್ದಾರೆ. ಅಧಿಕಾರಿಯು ತನಗೆ ತಿಳಿಯಬಹುದಾದುದನ್ನೆಲ್ಲ ತಿಳಿದುಕೊಂಡು, ಹಾನಿಯನ್ನು ತಗ್ಗಿಸುವ ಷರತ್ತುಗಳನ್ನು ಹಾಕಿ, ಅವು ನಡೆಯುತ್ತಿವೆಯೇ ಎಂದು ಮತ್ತೆ ನೋಡಿದರೆ ಅವನ ಸಮ್ಮತಿಯು ಹಿಂಸೆಗೆ ಕೊಟ್ಟ ಸಮ್ಮತಿಯಲ್ಲ, ಮಿತಿಗೆ ಕೊಟ್ಟ ಸಮ್ಮತಿ. ಕಡತವನ್ನು ಓದದೆ ಸಹಿ ಹಾಕಿದರೆ, ನದಿಯಲ್ಲಿ ಒಂದು ಮೀನೂ ಸಾಯದಿದ್ದರೂ ದೋಷ ತಪ್ಪದು.

ಮೌನದ ಸಮ್ಮತಿ

ಜಲ ಕಾಯಿದೆಯ 25ನೆಯ ಕಲಮಿನಲ್ಲಿ ವಿಚಾರಕ್ಕೆ ಒಳ್ಳೆಯ ಅವಕಾಶ ಕೊಡುವ ಒಂದು ಉಪಕಲಮಿದೆ. ಎಲ್ಲ ರೀತಿಯಿಂದ ಪೂರ್ಣವಾದ ಅರ್ಜಿ ಬಂದು ನಾಲ್ಕು ತಿಂಗಳಾದರೂ ಮಂಡಳಿಯು ಸಮ್ಮತಿಯನ್ನು ಕೊಡದೆ, ನಿರಾಕರಿಸದೆ ಇದ್ದರೆ ಯಾವ ಷರತ್ತೂ ಇಲ್ಲದೆ ಸಮ್ಮತಿ ಕೊಟ್ಟಂತೆಯೇ ಎಂದು ಭಾವಿಸತಕ್ಕದ್ದು. ಕಚೇರಿಯ ವಿಳಂಬದಿಂದ ಉದ್ಯಮಿಗೆ ಅನ್ಯಾಯವಾಗಬಾರದೆಂಬುದು ಇದರ ಉದ್ದೇಶ. ಆ ಉದ್ದೇಶ ಸರಿಯಾದುದೇ. ಆದರೆ ಇದರ ಫಲವೇನು? ಸಹಿ ಹಾಕಿದವನು ಕನಿಷ್ಠಪಕ್ಷ ಷರತ್ತುಗಳನ್ನಾದರೂ ಹಾಕುತ್ತಾನೆ. ಕಡತವನ್ನು ಮೇಜಿನ ಮೇಲೆ ಮಲಗಿಸಿದವನು ಷರತ್ತೇ ಇಲ್ಲದ ಸಮ್ಮತಿಯನ್ನು ಕೊಟ್ಟವನಾಗುತ್ತಾನೆ.

ಲೋಕದಲ್ಲಿ ‘ಏನನ್ನೂ ಮಾಡಲಿಲ್ಲ’ ಎಂಬುದು ನಿರ್ದೋಷಿತ್ವದ ಮಾತಾಗಿ ಸಲ್ಲುತ್ತದೆ. ಒತ್ತಡವಿರುವ ಅರ್ಜಿಯೊಂದು ಬಂದಾಗ ಕೊಡಲೂ ಹೆದರಿ, ನಿರಾಕರಿಸಲೂ ಹೆದರಿ, ದಿನ ಕಳೆಯುವುದು ಜಾಣತನವೆಂದು ಎಣಿಸುವವರುಂಟು. ಧರ್ಮವು ಈ ಜಾಣತನವನ್ನು ಒಪ್ಪುವುದಿಲ್ಲ. ತಡೆಯುವ ಅಧಿಕಾರವುಳ್ಳವನ ಮೌನವು ಮುನಿಯ ಮೌನವಲ್ಲ. ಮುನಿಯ ವಚನಗುಪ್ತಿಯು ಸಾವದ್ಯವಾದ ಮಾತನ್ನು ತಡೆಯುವುದಕ್ಕಾಗಿ; ಇವನ ಮೌನವು ಸಾವದ್ಯವಾದ ಕ್ರಿಯೆಗೆ ದಾರಿ ಬಿಡುವುದಕ್ಕಾಗಿ. ಕಾಯಿದೆಯ ಈ ಒಂದು ಉಪಕಲಮು ಮೌನಾನುಮೋದನೆ ಎಂಬ ಸೂಕ್ಷ್ಮ ದೋಷವನ್ನು ತಿಂಗಳುಗಳ ಲೆಕ್ಕದಲ್ಲಿ ಕಣ್ಣಿಗೆ ಕಾಣುವಂತೆ ಮಾಡಿದೆ.

ಅಳತೆ ಮತ್ತು ಅಚೌರ್ಯ

ವ್ಯಾಪಾರಸ್ಥ ಸಮಾಜಕ್ಕೆ ಹೆಚ್ಚು ಹತ್ತಿರವಾದ ವಿಷಯ ಅಳತೆಯದು. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಎಣಿಸುತ್ತದೆ. ಕಳ್ಳನಿಗೆ ಪ್ರೇರಣೆ ಕೊಡುವುದು ಮತ್ತು ಕಳವಿನ ಮಾಲನ್ನು ಕೊಳ್ಳುವುದು ಎಲ್ಲರಿಗೂ ತಿಳಿದವು. ಉಳಿದ ಮೂರು ಇಲ್ಲಿ ಮುಖ್ಯ: ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಅಸಲಿನ ಜಾಗದಲ್ಲಿ ನಕಲನ್ನು ಇಡುವುದು. ಕಾಯಿದೆಯನ್ನು ಮೀರುವುದು ರಾಜದ್ರೋಹವೆಂದಾಗಲಿ ಅವಿಧೇಯತೆಯೆಂದಾಗಲಿ ಎಣಿಕೆಯಾಗಿಲ್ಲ, ಕಳವೆಂದು ಎಣಿಕೆಯಾಗಿದೆ. ನಿಯಮ ಮೀರಿದವನು ನಿಯಮ ಪಾಲಿಸಿದ ನೆರೆಯವನ ಪಾಲನ್ನು ಕದಿಯುತ್ತಾನೆ ಎಂಬುದೇ ಇದರ ಮರ್ಮ. ನೀರನ್ನು ಶುದ್ಧೀಕರಿಸಲು ಖರ್ಚು ಮಾಡದ ಕಾರಖಾನೆಯು ಖರ್ಚು ಮಾಡಿದ ಕಾರಖಾನೆಯ ಲಾಭವನ್ನೂ, ಕೆಳಗಿನ ಹಳ್ಳಿಯ ನೀರನ್ನೂ ಒಂದೇ ಏಟಿಗೆ ಕದ್ದಂತೆ.

ಲೆಕ್ಕವನ್ನು ಅಂಕಿಗಳಲ್ಲಿ ನೋಡುವುದು ಲೇಸು. ನೀರಿಗೆ ಬಿದ್ದ ಸಾವಯವ ಕೊಳೆಯನ್ನು ಸೂಕ್ಷ್ಮಾಣುಗಳು ಕರಗಿಸುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಈ ಬೇಡಿಕೆಯನ್ನು 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಬೇಡಿಕೆ ಹೆಚ್ಚಿದಷ್ಟೂ ಮೀನಿನ ಉಸಿರು ಕಡಿಮೆ. ಮೀನುಗಳು ಬಾಳಲು ಒಂದು ಲೀಟರು ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕವಿರಬೇಕೆಂದು ಕೇಂದ್ರ ಮಂಡಳಿಯ ವರ್ಗೀಕರಣ ಹೇಳುತ್ತದೆ. ಸಕ್ಕರೆ ಕಾರಖಾನೆಯು ನದಿಗೆ ಬಿಡುವ ಶುದ್ಧೀಕರಿಸಿದ ನೀರಿನಲ್ಲಿ ಈ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ದಿನಕ್ಕೆ 5000 ಟನ್ ಕಬ್ಬು ನುರಿಸುವ ಕಾರಖಾನೆಯಿಂದ ಟನ್ನಿಗೆ 100 ಲೀಟರಿನಂತೆ 5 ಲಕ್ಷ ಲೀಟರು ನೀರು ಹೊರಟರೆ, ಮಿತಿಯೊಳಗೆ ನದಿಗೆ ಬೀಳುವ ಹೊರೆ ದಿನಕ್ಕೆ 15 ಕಿಲೋ. ಅದೇ ನೀರು ಶುದ್ಧೀಕರಣವಿಲ್ಲದೆ ಲೀಟರಿಗೆ 1000 ಮಿಲಿಗ್ರಾಮಿನಷ್ಟಿದ್ದರೆ ಹೊರೆ 500 ಕಿಲೋ.

ಈಗ ಒಬ್ಬನು ಆ ಐದು ಲಕ್ಷ ಲೀಟರು ಕೊಳೆ ನೀರಿಗೆ ಬಾವಿಯ ಒಳ್ಳೆಯ ನೀರನ್ನು ಬೆರೆಸಿ ಸುಮಾರು 1 ಕೋಟಿ 67 ಲಕ್ಷ ಲೀಟರು ಮಾಡಿದನೆಂದು ಊಹಿಸಬಹುದು. ಆಗ ಯಾವ ಬಾಟಲಿಯಲ್ಲಿ ತುಂಬಿ ನೋಡಿದರೂ ಅಳತೆ 30ಕ್ಕೇ ಬರುತ್ತದೆ. ಕಾಗದದ ಮೇಲೆ ಹೊಂದಿಕೆಯಾಯಿತು. ನದಿಗೆ ಮಾತ್ರ ಅದೇ 500 ಕಿಲೋ ಬಿತ್ತು, ಮೇಲೆ ಅಂತರ್ಜಲವೂ ಹೋಯಿತು. ಹಾಲಿಗೆ ನೀರು ಬೆರೆಸುವುದಕ್ಕೂ ಇದಕ್ಕೂ ಏನು ಭೇದ? ಅಲ್ಲಿ ಹಾಲು ತೆಳುವಾಗುತ್ತದೆ, ಇಲ್ಲಿ ಪಾಪವು ತೆಳುವಾಗಿ ಕಾಣುತ್ತದೆ. ಈ ಕೌಶಲವನ್ನು ಮುಂಗಂಡೇ 2016ರ ಜನವರಿಯ ಅಧಿಸೂಚನೆಯು ಸಾಂದ್ರತೆಯನ್ನು ಮಾತ್ರವಲ್ಲದೆ ಪರಿಮಾಣವನ್ನೂ ಕಟ್ಟಿಹಾಕಿತು: ಕಬ್ಬಿನ ಪ್ರತಿ ಟನ್ನಿಗೆ ಶುದ್ಧೀಕರಿಸಿದ ನೀರು 100 ಲೀಟರು, ತಂಪುಗೊಳಿಸುವ ನೀರಿನ ಹೊರಹರಿವು 100 ಲೀಟರು, ಹೊರಬೀಳುವ ದಾರಿ ಒಂದೇ. ಇದು ಅಸಾಧ್ಯವಾದ ಕಟ್ಟುಪಾಡೂ ಅಲ್ಲ. ಕಬ್ಬಿನ ತೂಕದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ನೀರೇ ಇರುತ್ತದೆ. 5000 ಟನ್ ಕಬ್ಬಿನ ಜೊತೆಗೆ ದಿನಕ್ಕೆ ಸುಮಾರು 35 ಲಕ್ಷ ಲೀಟರು ನೀರು ತಾನಾಗಿ ಕಾರಖಾನೆಯೊಳಗೆ ಬರುತ್ತದೆ. ಅದನ್ನು ಮತ್ತೆ ಮತ್ತೆ ಬಳಸಲು ಕಲಿತವನಿಗೆ ನದಿಯ ನೀರು ಹೆಚ್ಚಾಗಿ ಬೇಕಾಗುವುದಿಲ್ಲ. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಘಟಕದ ಕಪ್ಪು ನೀರಿನಲ್ಲಿ ಈ ಬೇಡಿಕೆ ಲೀಟರಿಗೆ ನಲವತ್ತು ಸಾವಿರ ಮಿಲಿಗ್ರಾಮನ್ನೂ ದಾಟುವುದರಿಂದ ಅದರ ಒಂದು ಹನಿಯನ್ನೂ ಹೊರಗೆ ಬಿಡಬಾರದೆಂಬುದು ನಿಯಮ.

ಅಳೆಯುವವನ ಕಡೆಯಲ್ಲಿಯೂ ಅಷ್ಟೇ ಎಚ್ಚರ ಬೇಕು. 21ನೆಯ ಕಲಮಿನ ಪ್ರಕಾರ ನೀರಿನ ಮಾದರಿ ತೆಗೆಯುವಾಗ ಕಾರಖಾನೆಯವರಿಗೆ ಅಲ್ಲಿಯೇ ತಿಳಿವಳಿಕೆ ಕೊಟ್ಟು, ಅವರ ಸಮಕ್ಷಮದಲ್ಲಿ ಎರಡು ಭಾಗ ಮಾಡಿ, ಪಾತ್ರೆಗಳಿಗೆ ಗುರುತು ಹಾಕಿ, ಮೊಹರು ಮಾಡಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿಯು ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಒಂದು ಸಹಿ ಬಿಟ್ಟುಹೋದರೆ, ತಪ್ಪು ಮಾಡಿದವನೂ ನಗುತ್ತ ಹೊರಗೆ ಬರುತ್ತಾನೆ. ಬೇಸರದ ಕೆಲಸವೆಂದು ಅವಸರದಿಂದ ಅರಗು ಒತ್ತಿದ ಕೈಯಿಂದಲೇ ಒಂದು ನದಿಯ ದಾವೆ ಬಿದ್ದುಹೋಗಬಹುದು. ಮುನಿಗಳ ಐದು ಸಮಿತಿಗಳಲ್ಲಿ ವಸ್ತುವನ್ನು ಎತ್ತುವಾಗ ಇಡುವಾಗಿನ ಎಚ್ಚರವೇ ಒಂದು ಸಮಿತಿ. ಪಿಂಛದಿಂದ ನೆಲವನ್ನು ಒರಸಿ ಕಮಂಡಲುವನ್ನು ಇಡುವುದು ಹೊರಗಿನವರಿಗೆ ಸಣ್ಣ ಕ್ರಿಯೆ. ಅಲ್ಲಿದ್ದ ಇರುವೆಗೆ ಅದೇ ಪ್ರಾಣ. ಕಾನೂನು ಪಾಲನೆಯ ಕೆಲಸದ ಬಹುಭಾಗ ಇಂತಹ ಸಣ್ಣ ಕ್ರಿಯೆಗಳಲ್ಲಿಯೇ ಇದೆ. ಅದರ ಶ್ರೇಷ್ಠತೆಯೂ ಅಲ್ಲಿಯೇ ಇದೆ. 2014ರ ತರುವಾಯ ಸಕ್ಕರೆ ಮೊದಲಾದ ಹದಿನೇಳು ಬಗೆಯ ಉದ್ಯಮಗಳಲ್ಲಿ ಹಗಲಿರುಳೂ ಅಳೆದು ಅಂಕಿಗಳನ್ನು ಮಂಡಳಿಗೆ ಕಳುಹಿಸುವ ಯಂತ್ರಗಳು ಬಂದಿವೆ. ಆದರೆ ಯಂತ್ರವು ತನ್ನ ಮುಂದಿಟ್ಟ ನೀರನ್ನಷ್ಟೇ ಅಳೆಯುತ್ತದೆ. ಅಸಲು ನೀರಿಗೆ ಬದಲಾಗಿ ಬೇರೆ ನೀರನ್ನು ಅದರ ಮುಂದೆ ಇಡುವ ಮನಸ್ಸು ಶಾಸ್ತ್ರವು ಹೆಸರಿಟ್ಟ ಐದನೆಯ ಅತಿಚಾರವೇ ಹೊರತು ಹೊಸದೇನೂ ಅಲ್ಲ.

ಮಿತಿಯು ವ್ರತವಾಗುವ ಬಗೆ

ಹೇಮಚಂದ್ರಾಚಾರ್ಯರು ಹನ್ನೆರಡನೆಯ ಶತಮಾನದ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕಠೋರ ಉದ್ಯೋಗಗಳನ್ನು ಹೇಳುವಾಗ ಯಂತ್ರಗಳಿಂದ ಹಿಂಡುವ ಉದ್ಯೋಗವನ್ನೂ ಸೇರಿಸಿದ್ದಾರೆ. ಎಳ್ಳಿನ ಜೊತೆಗೆ ಕಬ್ಬೂ ಅದರಲ್ಲಿದೆ. ಅಕ್ಷರಶಃ ಪಾಲಿಸುವುದಾದರೆ ಕೃಷ್ಣಾ ತೀರದ ಜೈನ ಒಕ್ಕಲಿಗನು ಗಾಣದಿಂದಲೂ ಕಾರಖಾನೆಯಿಂದಲೂ ದೂರವಿರಬೇಕು. ಕಬ್ಬನ್ನೇ ನಂಬಿದ ಸೀಮೆಯಲ್ಲಿ ಇದು ಎಲ್ಲರಿಂದಲೂ ಆಗುವ ಮಾತಲ್ಲ. ಗೃಹಸ್ಥನಿಗೆ ಸಂಕಲ್ಪಿ ಹಿಂಸೆಯ ತ್ಯಾಗ ಪೂರ್ಣವಾಗಿ ವಿಧಿಸಲ್ಪಟ್ಟಿದೆ; ಅಡುಗೆ, ಕೃಷಿ, ಉದ್ಯೋಗಗಳಲ್ಲಿ ಆಗುವ ಆರಂಭಿ ಮತ್ತು ಉದ್ಯೋಗಿ ಹಿಂಸೆ ಅವನಿಗೆ ಅನಿವಾರ್ಯ. ಆದರೆ ಅನಿವಾರ್ಯವೆಂಬುದು ಅಪರಿಮಿತವೆಂದಲ್ಲ. ಅದಕ್ಕಾಗಿಯೇ ಪರಿಗ್ರಹಕ್ಕೆ, ದಿಕ್ಕಿಗೆ, ಭೋಗೋಪಭೋಗಗಳಿಗೆ ಪರಿಮಾಣ ಮಾಡಿಕೊಳ್ಳುವ ವ್ರತಗಳಿವೆ. ನೆಲವನ್ನು ವ್ಯರ್ಥವಾಗಿ ಅಗೆಯುವುದು, ನೀರನ್ನು ವ್ಯರ್ಥವಾಗಿ ಚೆಲ್ಲುವುದು ಪ್ರಮಾದಚರ್ಯೆಯೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡದ ಲೆಕ್ಕಕ್ಕೆ ಸೇರಿಸಿದ್ದಾರೆ. ಮುನಿಗಳಾದರೋ ಮಲಮೂತ್ರಗಳನ್ನು ಕೂಡ ನೀರಿನಲ್ಲಿ, ಹಸುರಿನ ಮೇಲೆ ವಿಸರ್ಜಿಸದೆ ನಿರ್ಜಂತುಕವಾದ ನೆಲವನ್ನು ನೋಡಿಕೊಳ್ಳಬೇಕು. ತ್ಯಾಜ್ಯವನ್ನು ಎಲ್ಲಿ ಬಿಡಬೇಕೆಂಬ ಪ್ರಶ್ನೆಯು ಜೈನ ಧರ್ಮಕ್ಕೆ ಹೊರಗಿನಿಂದ ಬಂದುದಲ್ಲ.

ಈ ದೃಷ್ಟಿಯಿಂದ ನೋಡಿದರೆ ಸಮ್ಮತಿ ಪತ್ರದ ಷರತ್ತುಗಳು ಒಂದು ಬಗೆಯ ಪರಿಮಾಣವೇ. ಆದರೂ ಭೇದವುಂಟು. ಕಾಯಿದೆಯು ಹೊರಗಿನಿಂದ ಕಟ್ಟುತ್ತದೆ, ವ್ರತವು ಒಳಗಿನಿಂದ ಕಟ್ಟುತ್ತದೆ. ಕಾಯಿದೆಗೆ ಕತ್ತಲೆಯಲ್ಲಿ ಕಣ್ಣು ಕಾಣದು. ಅಧಿಕಾರಿಯ ಜೀಪು ಹೋದ ಮೇಲೆ ರಾತ್ರಿ ಎರಡು ಗಂಟೆಗೆ ಕವಾಟವನ್ನು ತೆಗೆಯುವವನನ್ನು ಅದು ಕಾಣಲಾರದು. ವ್ರತಿಗೆ ಆ ಹೊತ್ತೇ ಪರೀಕ್ಷೆಯ ಹೊತ್ತು. ಇನ್ನೂ ಒಂದು ಭೇದವಿದೆ: ಕಾಯಿದೆಯು ‘ಇಷ್ಟನ್ನು ಮೀರಬೇಡ’ ಎನ್ನುತ್ತದೆ, ಧರ್ಮವು ‘ಇನ್ನೂ ತಗ್ಗಿಸಲು ಸಾಧ್ಯವೇ’ ಎಂದು ಕೇಳುತ್ತದೆ. ಮೂವತ್ತು ಮಿಲಿಗ್ರಾಮಿನ ಮಿತಿಯು ಧರ್ಮದ ಶಿಖರವಲ್ಲ, ಕೆಳಗಿನ ಮೆಟ್ಟಿಲು. ಆದರೆ ಕೆಳಗಿನ ಮೆಟ್ಟಿಲನ್ನೇ ಏರದವನು ಶಿಖರದ ಮಾತನ್ನಾಡುವುದು ಹಾಸ್ಯಾಸ್ಪದ. ವ್ಯವಹಾರವನ್ನು ಬಿಟ್ಟು ನಿಶ್ಚಯವಿಲ್ಲ. ವ್ಯವಹಾರವೇ ನಿಶ್ಚಯವೂ ಅಲ್ಲ.

ದಂಡ ಮತ್ತು ಪ್ರಾಯಶ್ಚಿತ್ತ

ಜಲ ಕಾಯಿದೆಯು ನದಿಯನ್ನು ಕೆಡಿಸಿದವನಿಗೆ ಒಂದೂವರೆ ವರ್ಷದಿಂದ ಆರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿತ್ತು. ವಾಯು ಕಾಯಿದೆ ಮತ್ತು ಪರಿಸರ ಕಾಯಿದೆಗಳಲ್ಲಿ 2023ರಲ್ಲಿ, ಜಲ ಕಾಯಿದೆಯಲ್ಲಿ 2024ರಲ್ಲಿ ಆದ ತಿದ್ದುಪಡಿಗಳು ಬಹಳಷ್ಟು ತಪ್ಪುಗಳಿಗೆ ಸೆರೆಮನೆಯನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡವನ್ನು ಇಟ್ಟವು. ಜಲ ಕಾಯಿದೆಯ ತಿದ್ದುಪಡಿಯು ಮೊದಲು ಹಿಮಾಚಲ ಪ್ರದೇಶ ಮತ್ತು ರಾಜಸ್ಥಾನಗಳಿಗೆ ಅನ್ವಯವಾಯಿತು. ಉಳಿದ ರಾಜ್ಯಗಳಿಗೆ ಅವುಗಳ ವಿಧಾನಮಂಡಲಗಳು ನಿರ್ಣಯ ಮಾಡಿದಾಗ ಅನ್ವಯವಾಗತಕ್ಕದ್ದು. ಸಣ್ಣ ತಪ್ಪಿಗೆ ಸೆರೆಮನೆ ಬೇಡವೆಂಬುದರಲ್ಲಿ ನ್ಯಾಯವಿದೆ. ಆದರೆ ವ್ಯಾಪಾರಿಯ ಮನಸ್ಸಿಗೆ ದಂಡವು ಬಹು ಬೇಗ ಖರ್ಚಿನ ಬಾಬತ್ತಾಗಿ ಕಾಣುತ್ತದೆ. ಶುದ್ಧೀಕರಣಕ್ಕೆ ಇಷ್ಟು, ದಂಡಕ್ಕೆ ಇಷ್ಟು. ಯಾವುದು ಅಗ್ಗವೋ ಅದೇ ಲೇಸು ಎಂಬ ಲೆಕ್ಕ ಖತಾವಣಿಯಲ್ಲಿ ನುಸುಳುತ್ತದೆ. ಆದಾಯ ತೆರಿಗೆಯ ಕಾನೂನು ಕೂಡ ಅಪರಾಧಕ್ಕಾಗಿ ತೆತ್ತ ದಂಡವನ್ನು ವ್ಯಾಪಾರದ ಖರ್ಚೆಂದು ಒಪ್ಪುವುದಿಲ್ಲ. ಧರ್ಮವು ಹೇಗೆ ಒಪ್ಪೀತು?

ಪ್ರಾಯಶ್ಚಿತ್ತವು ದಂಡವಲ್ಲ. ಅದರ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ತಪ್ಪನ್ನು ತಾನೇ ಬಿಚ್ಚಿ ಹೇಳುವುದು. ಎರಡನೆಯದು ಪ್ರತಿಕ್ರಮಣ, ಹೋದ ದಾರಿಯಿಂದ ಹಿಂದಿರುಗುವುದು. ಹಣವು ಎಲ್ಲಿಯೂ ಮೊದಲು ಬರುವುದಿಲ್ಲ. ನ್ಯಾಯಾಲಯಗಳೂ ತಮ್ಮ ದಾರಿಯಲ್ಲಿ ಈ ಭೇದವನ್ನು ಕಂಡಿವೆ. 1996ರ ವೆಲ್ಲೂರು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆಡಿಸಿದವನೇ ತೆರಬೇಕು, ಕೆಡಿಸಿದುದನ್ನು ಮೊದಲಿನಂತೆ ಮಾಡುವ ವೆಚ್ಚವೂ ಅವನದೇ ಎಂದಿತು. 2025ರ ಆಗಸ್ಟ್ 4ರ ತೀರ್ಪಿನಲ್ಲಿ ಅದೇ ನ್ಯಾಯಾಲಯವು ಮಂಡಳಿಗಳು ಪರಿಸರದ ಪುನಃಸ್ಥಾಪನೆಗಾಗಿ ಪರಿಹಾರವನ್ನು ವಸೂಲು ಮಾಡಬಹುದೆಂದೂ, ಅದು ಶಿಕ್ಷೆಯ ದಂಡದಿಂದ ಬೇರೆಯಾದುದೆಂದೂ ತಿಳಿಸಿತು. ಕೆಡಿಸಿದುದನ್ನು ಮತ್ತೆ ಸರಿಪಡಿಸುವುದು, ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವ ಹಳೆಯ ಪದ್ಧತಿಯ ಮಾತೇ ಆಗಿದೆ.

ಎರಡು ಆಕ್ಷೇಪಗಳು

ಮೊದಲನೆಯ ಆಕ್ಷೇಪವು ರೈತನದು. ಹಂಗಾಮಿನ ನಡುವೆ ಕಾರಖಾನೆಯ ಬಾಗಿಲು ಮುಚ್ಚಿದರೆ ನಿಂತ ಕಬ್ಬು ಒಣಗುತ್ತದೆ. ಕಡಿದ ಕಬ್ಬು ದಿನದಿಂದ ದಿನಕ್ಕೆ ತೂಕ ಕಳೆದುಕೊಳ್ಳುತ್ತದೆ. ಸಾಲ ಮಾಡಿದವನ ಮನೆ ಮುರಿಯುತ್ತದೆ. ಇದು ನಿಜವಾದ ಸಂಕಟ. ದಯೆಯು ಮೀನಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಆದರೆ ಈ ಸಂಕಟವು ಹುಟ್ಟುವುದು ಜನವರಿಯಲ್ಲಿ ಬಾಗಿಲು ಮುಚ್ಚುವುದರಿಂದಲ್ಲ, ಜೂನಿನಿಂದ ಸೆಪ್ಟೆಂಬರಿನವರೆಗೆ ಕಾರಖಾನೆ ನಿಂತಿರುವಾಗ ಶುದ್ಧೀಕರಣದ ಘಟಕವನ್ನು ರಿಪೇರಿ ಮಾಡಿಸದಿರುವುದರಿಂದ, ಆಗಲೇ ನೋಡಬೇಕಾದವರು ನೋಡದಿರುವುದರಿಂದ. ಹಂಗಾಮಿನಲ್ಲಿ ಕಠೋರವಾಗಿ ತೋರುವ ಅಧಿಕಾರಿಯು ಮಳೆಗಾಲದಲ್ಲಿ ಕಟ್ಟುನಿಟ್ಟಾಗಿದ್ದಿದ್ದರೆ ಆ ಕಠೋರತೆಯೇ ಬೇಕಾಗುತ್ತಿರಲಿಲ್ಲ. ಸಕಾಲದ ಕಟ್ಟುನಿಟ್ಟು ದಯೆಯೇ ಆಗಿದೆ. ಸಕಾಲದಲ್ಲಿ ತೋರಿದ ಸಡಿಲವೇ ಮುಂದೆ ಕ್ರೌರ್ಯವಾಗುತ್ತದೆ.

ಎರಡನೆಯ ಆಕ್ಷೇಪವು ಗಡಿಯದು. ಪಂಚಗಂಗೆಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿಕೊಂಡು ಕೆಳಗೆ ಬರುತ್ತದೆ. ಕೊಲ್ಹಾಪುರ, ಇಚಲಕರಂಜಿಗಳ ಕೊಳಚೆ ಆ ನದಿಗೆ ಸೇರುವ ವಿಷಯ ಮುಂಬಯಿ ಉಚ್ಚ ನ್ಯಾಯಾಲಯದವರೆಗೂ ಹೋಗಿದೆ. ಮಂಡಳಿಯ ಅಧಿಕಾರ ರಾಜ್ಯದ ಗಡಿಗೆ ನಿಲ್ಲುತ್ತದೆ, ನದಿ ನಿಲ್ಲುವುದಿಲ್ಲ. ಮೇಲಿನವರೇ ಕೆಡಿಸಿ ಕಳುಹಿಸುವಾಗ ಕೆಳಗಿನವರಿಗೆ ಮಾತ್ರ ಕಟ್ಟುಪಾಡೇಕೆ ಎಂದು ಕೇಳುವವರುಂಟು. ಆದರೆ ಕರ್ಮಸಿದ್ಧಾಂತದಲ್ಲಿ ಒಬ್ಬನ ಪಾಪವನ್ನು ಇನ್ನೊಬ್ಬನ ಪಾಪದಿಂದ ವಜಾ ಮಾಡುವ ಪದ್ಧತಿ ಇಲ್ಲ. ಕಾಗವಾಡದ ಕೆಳಗೂ ಹಳ್ಳಿಗಳಿವೆ. ಅವರಿಗೆ ಕಾಗವಾಡವೇ ‘ಮೇಲಿನವರು’. ನಿಪ್ಪಾಣಿ, ಚಿಕ್ಕೋಡಿ, ಅಥಣಿಯಂತಹ ಊರುಗಳ ಗಟಾರದ ನೀರಿಗೂ ಇದೇ ಕಾಯಿದೆ ಅನ್ವಯಿಸುತ್ತದೆ ಎಂಬುದನ್ನು ಪೇಟೆಯ ಜನ ಮರೆಯಬಾರದು.

ಸೆಪ್ಟೆಂಬರ್ ತಿಂಗಳ ಮೂರು ಲೆಕ್ಕಗಳು

ಒಬ್ಬನು ಮಾಡಿದ ಹಿಂಸೆಯ ಫಲವನ್ನು ಅನೇಕರು ಉಣ್ಣುವುದುಂಟು ಎಂದು ಅಮೃತಚಂದ್ರರು ಎಚ್ಚರಿಸಿದ್ದಾರೆ. ಸಹಕಾರಿ ಕಾರಖಾನೆಗೆ ಈ ಮಾತು ಎಷ್ಟು ಹೊಂದುತ್ತದೆ! ಕವಾಟವನ್ನು ತಿರುಗಿಸಿದವನು ಒಬ್ಬ ಕೂಲಿ; ತಿರುಗಿಸೆಂದವನು ಒಬ್ಬ ಮೇಲ್ವಿಚಾರಕ; ಖರ್ಚು ಉಳಿಸೆಂದವರು ಆಡಳಿತ ಮಂಡಳಿ; ಅವರನ್ನು ಆರಿಸಿ, ಕಬ್ಬಿಗೆ ಟನ್ನಿನ ದರ ಹೆಚ್ಚು ಬರಲೆಂದು ಬಯಸಿದವರು ಸಾವಿರಾರು ಸದಸ್ಯರು. ಅಧಿಕಾರಿಯ ಸಮ್ಮತಿ ಒಂದು. ಸದಸ್ಯರ ಸಮ್ಮತಿ ಸಾವಿರ.

ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಸಮ್ಮತಿ ಪಡೆದ ಪ್ರತಿ ಉದ್ಯಮವೂ ಮಾರ್ಚ್ 31ಕ್ಕೆ ಮುಗಿದ ವರ್ಷದ ಪರಿಸರ ವಿವರಣಾ ಪತ್ರವನ್ನು ಐದನೆಯ ನಮೂನೆಯಲ್ಲಿ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಸಲ್ಲಿಸಬೇಕು: ಎಷ್ಟು ನೀರು ಬಳಸಿತು, ಎಷ್ಟು ಕೊಳೆ ಬಿಟ್ಟಿತು, ಮಿತಿಯನ್ನು ಎಷ್ಟು ಮೀರಿತು, ಏಕೆ ಮೀರಿತು. ಮೀರಿದುದನ್ನು ತಾನೇ ಹೇಳಬೇಕೆಂಬ ಈ ವಿಧಿಯು ಆಲೋಚನೆಯ ಲೌಕಿಕ ರೂಪ. ಸಹಕಾರಿ ಸಂಘಗಳ ವಾರ್ಷಿಕ ಸರ್ವಸಾಧಾರಣ ಸಭೆಗಳು ಸೇರುವುದೂ ಬಹುಮಟ್ಟಿಗೆ ಆ ತಿಂಗಳಲ್ಲಿ. ದಶಲಕ್ಷಣ ಪರ್ವವು ಮುಗಿದು ಕ್ಷಮಾವಣಿ ಬರುವುದೂ ಸಾಮಾನ್ಯವಾಗಿ ಆ ತಿಂಗಳಲ್ಲಿಯೇ. ಹೀಗೆ ಒಂದೇ ತಿಂಗಳಲ್ಲಿ ಮೂರು ಲೆಕ್ಕಗಳು ಕೂಡುತ್ತವೆ. ಆದರೆ ಅವು ಒಂದನ್ನೊಂದು ನೋಡುವುದಿಲ್ಲ. ಸಭೆಯಲ್ಲಿ ಅಢಾವೆ ಪತ್ರಿಕೆಯನ್ನು ಓದುತ್ತಾರೆ, ಪರಿಸರದ ಪತ್ರವನ್ನು ಯಾರೂ ಓದುವುದಿಲ್ಲ. ಬಸದಿಯಲ್ಲಿ ಸಮಸ್ತ ಜೀವರಾಶಿಯ ಕ್ಷಮೆಯನ್ನು ಕೇಳುತ್ತಾರೆ, ಯಾವ ಜೀವಿಗೆ ಏನು ಮಾಡಿದುದಕ್ಕೆ ಎಂಬುದು ಕೇಳುವವನಿಗೇ ಗೊತ್ತಿರುವುದಿಲ್ಲ.

ಶ್ರಾವಕನಾದ ಸದಸ್ಯನಿಂದ ಆಗಬಹುದಾದ ಕೆಲಸವೊಂದಿದೆ. ಅದಕ್ಕೆ ಕಾಸು ಖರ್ಚಿಲ್ಲ. ಲಾಭ ನಷ್ಟದ ಪತ್ರಿಕೆಯನ್ನು ಓದಿದ ಮೇಲೆ ಐದನೆಯ ನಮೂನೆಯನ್ನೂ ಸಭೆಯ ಮುಂದೆ ಓದಬೇಕೆಂದು ಎದ್ದು ನಿಂತು ಕೇಳುವುದು. ಮೊದಲ ವರ್ಷ ನಗಬಹುದು. ಎರಡನೆಯ ವರ್ಷ ಬೇಸರಪಡಬಹುದು. ಮೂರನೆಯ ವರ್ಷ ಓದಲೇಬೇಕಾಗುತ್ತದೆ. ಸಾವಿರ ಸದಸ್ಯರ ಮುಂದೆ ಓದಬೇಕಾದ ಅಂಕಿಯನ್ನು ಸುಳ್ಳಾಗಿ ಬರೆಯುವುದು ಕಡತದಲ್ಲಿ ಮಲಗುವ ಅಂಕಿಯನ್ನು ಸುಳ್ಳಾಗಿ ಬರೆಯುವಷ್ಟು ಸುಲಭವಲ್ಲ. ನಿಷ್ಠೆಯಿಂದ ದುಡಿಯುವ ಕಾನೂನು ಅಧಿಕಾರಿಗೂ ಇದಕ್ಕಿಂತ ದೊಡ್ಡ ಬೆಂಬಲ ಬೇರೊಂದಿಲ್ಲ. ಈಗ ಅವನು ಕಾರಖಾನೆಯ ಬಾಗಿಲಿಗೆ ಒಂಟಿಯಾಗಿ ಹೋಗುತ್ತಾನೆ. ಆಗ ಕಾರಖಾನೆಯ ಒಡೆಯರೇ ಅವನ ಪ್ರಶ್ನೆಯನ್ನು ಮೊದಲು ಕೇಳಿರುತ್ತಾರೆ.

1872ರಲ್ಲಿ ಜನಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ದೂಧಗಂಗೆ ವೇದಗಂಗೆಗಳು ಕೂಡುವ ಭೋಜ ಗ್ರಾಮದವರು. ಅವರು ಗೃಹಸ್ಥರಾಗಿದ್ದಾಗ ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಡುತ್ತಿದ್ದರೆಂದು ಈ ಭಾಗದ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಹೊಲಕ್ಕೆ ಯಾವ ಕಾಯಿದೆಯೂ ಇರಲಿಲ್ಲ, ನೋಡಿ ಬರೆದುಕೊಳ್ಳುವ ಅಧಿಕಾರಿಯೂ ಇರಲಿಲ್ಲ. ಆ ಎರಡು ನದಿಗಳು ಇಂದಿಗೂ ಅಲ್ಲಿಯೇ ಕೂಡಿ ಹರಿಯುತ್ತಿವೆ. ಅವುಗಳ ನೀರನ್ನು ಹಕ್ಕಿಯೊಂದು ನಿರ್ಭಯವಾಗಿ ಕುಡಿಯುವಂತೆ ಇಡುವುದು ಮಂಡಳಿಯ ಹೊಣೆಯಷ್ಟೇ ಅಲ್ಲ. ಆ ನೀರಿನಿಂದ ಬೆಳೆದ ಕಬ್ಬಿನ ಹಣವನ್ನು ಮನೆಗೆ ತರುವ ಪ್ರತಿಯೊಬ್ಬನ ಹೊಣೆಯೂ ಹೌದು. ಮುಂದಿನ ಕ್ಷಮಾವಣಿಯ ದಿನ ಅಪ್ಕಾಯಿಕ ಜೀವಿಗಳನ್ನೂ ಅವುಗಳ ಆಶ್ರಯದಲ್ಲಿರುವ ತ್ರಸಜೀವಿಗಳನ್ನೂ ನೆನೆದು ಕೈ ಮುಗಿಯುವಾಗ, ತಾನು ಯಾವುದಕ್ಕೆ ಸಮ್ಮತಿ ಕೊಟ್ಟಿದ್ದೇನೆ ಎಂಬ ಒಂದು ಪ್ರಶ್ನೆಯನ್ನು ಶ್ರಾವಕನು ತನಗೆ ತಾನೇ ಕೇಳಿಕೊಂಡರೆ, ಆ ಕ್ಷಮಾಯಾಚನೆಯು ಸಾರ್ಥಕವಾದೀತು.